ಬಾಯೊಳಗಿನ ಬೆಳ್ಳಿ

ಮೈಸೂರಿನ ಸರಸ್ವತೀಪುರದ ಒಂದು ಮನೆ. ಮಧ್ಯಾಹ್ನದ ಊಟ ಮುಗಿದಿದೆ. ಐದು ತಿಂಗಳ ಬಸುರಿಯಾದ ಮಗಳು ತವರಿಗೆ ಬಂದು ವಾರವಾಗಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ತಾಯಿ, ಎಲೆಯಡಿಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಯಾವುದೋ ಹಳೆಯ ಮಾತನ್ನು ನೆನೆದು ಬಾಯ್ತುಂಬ ನಕ್ಕರು. ಆ ನಗೆಯಲ್ಲಿ ದವಡೆಯ ಹಲ್ಲುಗಳ ನಡುವೆ ಏನೋ ಕಪ್ಪಗೆ ಮಿನುಗಿದುದನ್ನು ಮಗಳು ಕಂಡಳು.

“ಅಮ್ಮ, ಆ ಬೆಳ್ಳಿಯನ್ನೆಲ್ಲ ಇನ್ನೂ ಬಾಯಲ್ಲಿಟ್ಟುಕೊಂಡೇ ಇದ್ದೀಯಾ? ಅದರಲ್ಲಿ ಅರ್ಧಕ್ಕರ್ಧ ಪಾದರಸವಂತೆ. ವಿಷ! ನಾಳೆಯೇ ಹೋಗಿ ತೆಗೆಸಿಬಿಡು.”

“ನಲವತ್ತು ವರ್ಷದಿಂದ ಇದೆಯಲ್ಲೇ. ಏನಾಗಿದೆ ನನಗೆ?” ಎಂದು ತಾಯಿ ಮಾತನ್ನು ತೇಲಿಸಿಬಿಟ್ಟರು.

ಮಾತು ತೇಲಿತಾದರೂ ಮನಸ್ಸಿನೊಳಗೆ ಮುಳುಗಿತು. ಏಕೆಂದರೆ ಕೆಲವು ತಿಂಗಳಿಂದ ಆಕೆಗೆ ಹೆಸರುಗಳು ಜಾರುತ್ತಿದ್ದುವು. ಎದುರುಮನೆಯ ಮಗುವಿನ ಹೆಸರು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಒಲೆಯ ಮೇಲಿಟ್ಟ ಹಾಲು ಎರಡು ಬಾರಿ ಉಕ್ಕಿ ಹೋಗಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಕನ್ನಡಿಯ ಮುಂದೆ ನಿಂತು, ಟಾರ್ಚು ಹಿಡಿದು, ಬಾಯಿ ತೆರೆದು ಎಣಿಸಿದರು. ಐದು ಹಲ್ಲುಗಳಲ್ಲಿ ಬೆಳ್ಳಿಯಿತ್ತು. ಮರೆವಿಗೆ ಕಾರಣ ಇದೇ ಆಗಿದ್ದರೆ? ಇದನ್ನು ಕಿತ್ತೆಸೆದರೆ ಹೋದ ನೆನಪು ಮರಳಿ ಬರುವುದಾದರೆ?

ಈ ಪ್ರಶ್ನೆ ಆ ಒಂದು ಮನೆಯದಲ್ಲ. ಇಂದು ಐವತ್ತು ದಾಟಿದ ಎಷ್ಟೋ ಮಂದಿಯ ಬಾಯಲ್ಲಿ ಇಂಥ ಬೆಳ್ಳಿ ಕುಳಿತಿದೆ. ಅದನ್ನು ತೆಗೆಸಬೇಕೆಂದು ಹೇಳುವವರೂ ಉಂಟು, ಮುಟ್ಟಬಾರದೆಂದು ಹೇಳುವವರೂ ಉಂಟು. ಹೀಗಿರುವಾಗ ಇದರ ಪೂರ್ವೋತ್ತರವನ್ನು ನಿಧಾನವಾಗಿ ವಿಚಾರಿಸುವುದು ಮೇಲು.

ಹಲ್ಲಿನ ಹುಳುಕನ್ನು ಕೊರೆದು ತೆಗೆದ ಮೇಲೆ ಉಳಿಯುವ ಗುಳಿಯನ್ನು ಏನಿಂದಾದರೂ ಮುಚ್ಚಲೇಬೇಕು. ಜನ ‘ಬೆಳ್ಳಿ ಹಾಕಿಸುವುದು’ ಎಂದು ಕರೆಯುವ ವಸ್ತು ಶುದ್ಧ ಬೆಳ್ಳಿಯಲ್ಲ. ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಪಾದರಸದಲ್ಲಿ ಕಲಸಿ ಮಾಡಿದ ಮಿಶ್ರಲೋಹವದು; ಅಮಾಲ್ಗಮ್ ಎಂಬುದು ಅದರ ಹೆಸರು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಪಾದರಸವೇ. ಮಗಳು ಹೇಳಿದ ಮಾತಿನಲ್ಲಿ ಅಷ್ಟು ಭಾಗ ಸುಳ್ಳಲ್ಲ. ಕಲಸಿದೊಡನೆ ಅದು ಬೆಣ್ಣೆಯಂತೆ ಮೆತ್ತಗಿರುತ್ತದೆ. ಗುಳಿಯ ಮೂಲೆಮೂಲೆಗೂ ಒತ್ತಿ ತುಂಬಬಹುದು. ಕೆಲವೇ ನಿಮಿಷಗಳಲ್ಲಿ ಬಿಗಿಯತೊಡಗಿ, ಒಂದು ದಿನದೊಳಗೆ ಕಡಲೆಯನ್ನು ಜಗಿಯುವಷ್ಟು ಗಟ್ಟಿಯಾಗುತ್ತದೆ. ಆಗ ಪಾದರಸವು ದ್ರವರೂಪವನ್ನು ಬಿಟ್ಟು ಬೆಳ್ಳಿಯೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ. ಹಾಗೆಂದು ಆ ಬೆಸುಗೆ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲ. ಜಗಿಯುವಾಗ, ನಿದ್ದೆಯಲ್ಲಿ ಹಲ್ಲು ಕಡಿಯುವಾಗ, ಬಿಸಿಬಿಸಿ ಕಾಫಿ ಕುಡಿಯುವಾಗ ಅತ್ಯಲ್ಪವಾದ ಪಾದರಸದ ಆವಿ ಅದರಿಂದ ಹೊರಬೀಳುತ್ತಲೇ ಇರುತ್ತದೆ. ವಾದವೆಲ್ಲ ಹುಟ್ಟಿರುವುದು ಈ ಅತ್ಯಲ್ಪದ ಸುತ್ತಲೇ.

ವಾದವೇನೂ ಹೊಸದಲ್ಲ. ಚೀನಾದಲ್ಲಿ ಕ್ರಿ.ಶ. 659ರ ಔಷಧಗ್ರಂಥವೊಂದರಲ್ಲಿಯೇ ಹಲ್ಲಿಗೆ ತುಂಬುವ ಬೆಳ್ಳಿಯ ಕಲ್ಕದ ಮಾತು ಬರುತ್ತದೆ. ಯುರೋಪಿನಲ್ಲಿ 1826ರ ಸುಮಾರಿಗೆ ಪ್ಯಾರಿಸಿನ ಆಗುಸ್ತ್ ತವೋ ಎಂಬಾತ ಬೆಳ್ಳಿಯ ನಾಣ್ಯಗಳನ್ನು ಅರೆದು ಪಾದರಸದಲ್ಲಿ ಕಲಸಿ ಬಳಸಿದ. 1833ರಲ್ಲಿ ಕ್ರಾಕೂರ್ ಸಹೋದರರು ಅದನ್ನು ಅಮೆರಿಕೆಗೆ ಕೊಂಡೊಯ್ದು, ಚಿನ್ನಕ್ಕೆ ಬದಲಾಗಿ ನಿಲ್ಲುವ ರಾಜಯೋಗ್ಯ ಖನಿಜವೆಂಬ ಭರ್ಜರಿ ಹೆಸರಿಟ್ಟು ಮಾರಿದರು. ಅದುವರೆಗೆ ಹಲ್ಲಿಗೆ ಚಿನ್ನದ ತಗಡನ್ನು ತುಂಬುತ್ತಿದ್ದ ವೈದ್ಯರು ಕೆರಳಿದರು. 1840ರಲ್ಲಿ ಹುಟ್ಟಿದ ಅಮೆರಿಕದ ದಂತಚಿಕಿತ್ಸಕರ ಸಂಘವು, ಅಮಾಲ್ಗಮನ್ನು ಮುಟ್ಟುವುದಿಲ್ಲವೆಂದು ತನ್ನ ಸದಸ್ಯರಿಂದ ಪ್ರತಿಜ್ಞೆ ಬರೆಸಿಕೊಂಡಿತು. ಚಿನ್ನ ಕೊಳ್ಳಲಾರದ ಬಡವನಿಗೆ ಮಾತ್ರ ಅಗ್ಗದ ಬೆಳ್ಳಿಯೇ ಬೇಕಾಗಿತ್ತು. 1856ರಲ್ಲಿ ಸಂಘವೇ ಒಡೆದುಹೋಯಿತು, ಅಮಾಲ್ಗಮ್ ಉಳಿಯಿತು. ಆರಂಭದ ಮಿಶ್ರಣಗಳು ಬಿಗಿಯುವಾಗ ಉಬ್ಬಿ ಹಲ್ಲನ್ನೇ ಸೀಳುತ್ತಿದ್ದುವು. 1890ರ ದಶಕದಲ್ಲಿ ಜಿ. ವಿ. ಬ್ಲ್ಯಾಕ್ ಎಂಬ ಅಮೆರಿಕದ ವಿದ್ವಾಂಸ ಲೋಹಗಳ ಪ್ರಮಾಣವನ್ನು ಹದಗೊಳಿಸಿದ ಮೇಲೆ ಆ ದೋಷ ನೀಗಿತು.

ಎರಡನೆಯ ಕಲಹವನ್ನು ಎಬ್ಬಿಸಿದವನು ಆಲ್‌ಫ್ರೆಡ್ ಸ್ಟಾಕ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ. ಪ್ರಯೋಗಶಾಲೆಯಲ್ಲಿ ವರ್ಷಾನುಗಟ್ಟಲೆ ಪಾದರಸದೊಡನೆ ಕೆಲಸಮಾಡಿ, ಅದರ ಆವಿಯಿಂದ ಆತ ತಲೆನೋವು, ಮರೆವು, ದಣಿವುಗಳಿಗೆ ಈಡಾಗಿದ್ದ. 1926ರಲ್ಲಿ ಆತ ತನ್ನ ಅನುಭವವನ್ನು ಪ್ರಕಟಿಸಿ, ಹಲ್ಲಿನ ಅಮಾಲ್ಗಮಿನ ಮೇಲೂ ಎಚ್ಚರಿಕೆಯ ಬೆರಳು ತೋರಿದ. ಪಾದರಸದ ಆವಿ ಹೆಚ್ಚಿನ ಪ್ರಮಾಣದಲ್ಲಿ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಪ್ರಯೋಗಶಾಲೆಯ ಗಾಳಿಗೆ ಸಲ್ಲುವ ಮಾತು ನಾಲ್ಕಾರು ಹಲ್ಲುಗಳ ಬೆಳ್ಳಿಗೂ ಸಲ್ಲುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಪಾದರಸವೆಂದೊಡನೆ ಹಲವರು ಜಪಾನಿನ ಮಿನಮಾಟದ ದುರಂತವನ್ನು ನೆನೆಯುತ್ತಾರೆ. 1956ರಲ್ಲಿ ಬೆಳಕಿಗೆ ಬಂದ ಆ ರೋಗಕ್ಕೆ ಕಾರಣ, ಕಾರ್ಖಾನೆಯೊಂದು ಕೊಲ್ಲಿಯ ನೀರಿಗೆ ಬಿಟ್ಟ ಮೀಥೈಲ್ ಪಾದರಸ. ಅದು ಮೀನಿನ ಮೈಯಲ್ಲಿ ಕೂಡಿಕೂಡಿ ತಿಂದವರ ಮಿದುಳನ್ನು ಸೇರಿತು. ಹಲ್ಲಿನಿಂದ ಹೊರಡುವುದು ಆ ಸಂಯುಕ್ತವಲ್ಲ, ಲೋಹರೂಪದ ಪಾದರಸದ ಆವಿ. ಎರಡೂ ಒಂದೇ ವಂಶದವು. ಗುಣ ಬೇರೆ, ದೇಹವನ್ನು ಹೊಗುವ ದಾರಿಯೂ ಬೇರೆ.

ಹಾಗಾದರೆ ಅಳೆದು ನೋಡಿದವರಿಲ್ಲವೇ? ಇದ್ದಾರೆ. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ 534 ಮಕ್ಕಳನ್ನೂ, ಪೋರ್ತುಗಲ್ಲಿನ ಲಿಸ್ಬನ್ ನಗರದಲ್ಲಿ 507 ಮಕ್ಕಳನ್ನೂ ಎರಡೆರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿನವರ ಹುಳುಕು ಹಲ್ಲಿಗೆ ಅಮಾಲ್ಗಮ್, ಇನ್ನೊಂದು ಗುಂಪಿನವರಿಗೆ ಬಿಳಿಯ ರಾಳವನ್ನು ತುಂಬಿದರು. ಮೊದಲನೆಯ ಊರಿನವರನ್ನು 5 ವರ್ಷ, ಎರಡನೆಯವರನ್ನು 7 ವರ್ಷ ಬಿಡದೆ ಪರೀಕ್ಷಿಸಿದರು. 2006ರಲ್ಲಿ ಫಲಿತಾಂಶಗಳು ಹೊರಬಂದುವು. ಅಮಾಲ್ಗಮ್ ಇದ್ದ ಮಕ್ಕಳ ಮೂತ್ರದಲ್ಲಿ ಪಾದರಸ ತುಸು ಹೆಚ್ಚಾಗಿತ್ತು, ನಿಜ. ಆದರೆ ಬುದ್ಧಿಶಕ್ತಿ, ನೆನಪು, ಗಮನಗಳ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ನಡುವೆ ಲೆಕ್ಕಕ್ಕೆ ಬರುವಂಥ ಅಂತರ ಕಾಣಲಿಲ್ಲ. ಇದು ಸಣ್ಣ ಸಮಾಧಾನವಲ್ಲ.

ಆದರೆ ಎಲ್ಲರ ದೇಹವೂ ಒಂದೇ ಅಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರ ಸೆಪ್ಟೆಂಬರಿನಲ್ಲಿ, ಕೆಲವರು ಹೊಸದಾಗಿ ಅಮಾಲ್ಗಮ್ ಹಾಕಿಸಿಕೊಳ್ಳದಿರುವುದು ಲೇಸೆಂದು ಸಲಹೆ ಕೊಟ್ಟಿತು. ಗರ್ಭಿಣಿಯರು, ಗರ್ಭಧಾರಣೆಯ ಯೋಚನೆಯಲ್ಲಿರುವವರು, ಎದೆಹಾಲೂಡುವ ತಾಯಂದಿರು, ಮಕ್ಕಳು, ಅದರಲ್ಲಿಯೂ ಆರು ವರ್ಷಕ್ಕೆ ಒಳಗಿನವರು, ನರರೋಗವಿರುವವರು, ಮೂತ್ರಪಿಂಡದ ಶಕ್ತಿ ಕುಗ್ಗಿದವರು, ಪಾದರಸ ಒಗ್ಗದವರು, ಇಷ್ಟು ಮಂದಿ ಆ ಪಟ್ಟಿಯಲ್ಲಿದ್ದಾರೆ. ಅದೇ ಸಲಹೆಯ ಎರಡನೆಯ ಮಾತನ್ನು ಮಾತ್ರ ಅನೇಕರು ಓದದೆ ಬಿಟ್ಟಿದ್ದಾರೆ. ಈಗಾಗಲೇ ಬಾಯಲ್ಲಿರುವ, ಸುಸ್ಥಿತಿಯಲ್ಲಿರುವ ಅಮಾಲ್ಗಮನ್ನು ವೈದ್ಯಕೀಯವಾದ ಅಗತ್ಯವಿಲ್ಲದೆ ತೆಗೆಸಬಾರದು ಎಂಬುದೇ ಆ ಮಾತು.

ತೆಗೆಸಬಾರದೇಕೆ? ಒಳಗೆ ಸುಮ್ಮನೆ ಕುಳಿತ ಬೆಳ್ಳಿಯನ್ನು ಕೊರೆಯುವ ಯಂತ್ರದಿಂದ ಕೆಣಕಿದಾಗ ಏಳುವ ಕಾವಿಗೆ, ಅದು ವರ್ಷಗಳಿಂದ ಹನಿಹನಿಯಾಗಿ ಬಿಡುತ್ತಿದ್ದ ಆವಿ ಒಮ್ಮೆಗೇ ಹೆಚ್ಚಾಗಿ ಹೊರಬೀಳುತ್ತದೆ. ವಿಷಕ್ಕೆ ಹೆದರಿ ತೆಗೆಸಹೋದವನು ಅಂದು ಅದನ್ನೇ ಹೆಚ್ಚಾಗಿ ಉಸಿರಾಡುತ್ತಾನೆ. ಇರಲಾರದೆ ಇರುವೆ ಬಿಟ್ಟುಕೊಂಡಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಇದಕ್ಕಿಂತಲೂ ದೊಡ್ಡ ನಷ್ಟ ಇನ್ನೊಂದಿದೆ. ಹಳೆಯ ಬೆಳ್ಳಿಯನ್ನು ತೆಗೆಯುವಾಗ ಅದರ ಅಂಚಿನ ಒಳ್ಳೆಯ ಹಲ್ಲೂ ಒಂದಿಷ್ಟು ಸವೆದುಹೋಗುತ್ತದೆ. ಪ್ರತಿ ಬದಲಾವಣೆಗೂ ಗುಳಿ ದೊಡ್ಡದಾಗುತ್ತದೆ, ಗೋಡೆ ತೆಳುವಾಗುತ್ತದೆ. ಚಿಕ್ಕ ಗುಳಿ ದೊಡ್ಡದಾಗಿ, ದೊಡ್ಡ ಗುಳಿ ನರವನ್ನು ಮುಟ್ಟಿ, ನರದ ಚಿಕಿತ್ಸೆಯಾಗಿ, ಮೇಲೆ ಟೊಪ್ಪಿಗೆ ಕೂತು, ಕಡೆಗೊಂದು ದಿನ ಹಲ್ಲೇ ಹೊರಬೀಳುವ ಪಯಣ ಹೀಗೆ ಆರಂಭವಾಗುತ್ತದೆ.

ಹಿಂದೆ ಬೀದಿಯಲ್ಲಿ ಕಲಾಯಿಯವನ ಕೂಗು ಕೇಳುತ್ತಲೇ ಮನೆಯ ಹಿತ್ತಾಳೆಯ ಪಾತ್ರೆಗಳೆಲ್ಲ ಹೊರಗೆ ಬರುತ್ತಿದ್ದುವು. ಹಳೆಯ ಕಲಾಯಿ ಹೋದರೇನು, ಕಾಯಿಸಿ, ನವಸಾಗರ ಹಾಕಿ, ತವರ ಒರಸಿದರೆ ಪಾತ್ರೆ ಮತ್ತೆ ಬೆಳ್ಳಗಾಗುತ್ತಿತ್ತು. ಹಲ್ಲನ್ನೂ ಹಾಗೆಯೇ ಎಂದು ಭಾವಿಸುವುದು ತಪ್ಪು. ಎಲುಬು ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಹಲ್ಲಿನ ಮೇಲಣ ಎನಾಮಲ್ ಒಮ್ಮೆ ಕೊರೆದುಹೋದರೆ ದೇಹ ಅದನ್ನು ಮತ್ತೆ ಕಟ್ಟಿಕೊಡುವುದಿಲ್ಲ.

ಬದಲಿಗೆ ಹಾಕಿಸುವ ಬಿಳಿಯ ರಾಳವಾದರೂ ನಿರ್ದೋಷಿಯೇ? ನೋಟಕ್ಕೆ ಅದು ಹಲ್ಲಿನ ಬಣ್ಣವೇ, ಹಲ್ಲಿಗೆ ಅಂಟಿಕೊಳ್ಳುವುದರಿಂದ ಗುಳಿಯನ್ನು ಬಹಳ ಕೊರೆಯಬೇಕಾಗಿಲ್ಲ, ಪಾದರಸವೂ ಇಲ್ಲ. ಆದರೆ ಬೆಳಕಿನಿಂದ ಗಟ್ಟಿಯಾಗುವಾಗ ಅದು ತುಸು ಕುಗ್ಗುತ್ತದೆ. ಕೂರಿಸುವಾಗ ಎಂಜಲಿನ ಪಸೆ ಸೋಕಿದರೂ ಅಂಟು ಕೆಡುತ್ತದೆ. ಅಂಚಿನಲ್ಲಿ ಬಿಟ್ಟ ಸಂದಿಯಲ್ಲಿ ಹುಳುಕು ಮತ್ತೆ ಹೊಗುತ್ತದೆ. ಹಿಂದಿನ ಹಲ್ಲುಗಳ ವಿಷಯದಲ್ಲಿ ನಡೆದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ ಒಟ್ಟುಗೂಡಿಸಿ ತೂಗಿ ನೋಡಿದಾಗ, ಅಮಾಲ್ಗಮಿಗಿಂತ ರಾಳವು ವಿಫಲವಾಗುವ ಸಂಭವ ಹತ್ತಿರ ಹತ್ತಿರ ಎರಡರಷ್ಟಿತ್ತು. ಅಂದಿನಿಂದ ರಾಳಗಳೂ ಸುಧಾರಿಸಿವೆ, ಕೈಗಳೂ ಪಳಗಿವೆ. ಆದರೂ ನಲವತ್ತು ವರ್ಷ ದುಡಿದ ಆಳನ್ನು ಬಣ್ಣ ಕಪ್ಪೆಂಬ ಕಾರಣಕ್ಕೆ ಮನೆಯಿಂದ ಹೊರಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು.

‘ಹಾಗಿದ್ದರೆ ದೇಶದೇಶಗಳೇ ಇದನ್ನು ನಿಷೇಧಿಸುತ್ತಿರುವುದೇಕೆ?’ ಎಂದು ಓದುಗರು ಕೇಳಬಹುದು. ನಾರ್ವೆ 2008ರಲ್ಲಿ, ಸ್ವೀಡನ್ 2009ರಲ್ಲಿ ಅಮಾಲ್ಗಮನ್ನು ಕೈಬಿಟ್ಟುವು. ಯುರೋಪಿನ ಒಕ್ಕೂಟದಲ್ಲಿ 2025ರ ಜನವರಿಯಿಂದ, ವೈದ್ಯರು ಅನಿವಾರ್ಯವೆಂದು ಕಂಡ ಸಂದರ್ಭವನ್ನುಳಿದು, ಬಳಕೆ ನಿಂತಿದೆ. ಮಿನಮಾಟದ ಹೆಸರಿನಲ್ಲಿಯೇ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಸ್ಥಿರೀಕರಿಸಿತು. 2034ರ ಹೊತ್ತಿಗೆ ಅಮಾಲ್ಗಮಿನ ಬಳಕೆಯನ್ನು ಕೊನೆಗಾಣಿಸುವುದೆಂದು 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ಕೂಡಿದ ಆ ಒಪ್ಪಂದದ ರಾಷ್ಟ್ರಗಳು ನಿರ್ಣಯಿಸಿದುವು. ಈ ನಿರ್ಣಯಗಳ ಹಿಂದಿರುವ ಮುಖ್ಯ ಕಳವಳ ಪರಿಸರದ್ದು. ದಂತವೈದ್ಯರ ತೊಟ್ಟಿಯಿಂದ ಚರಂಡಿಗೆ, ಚರಂಡಿಯಿಂದ ಕೆರೆ ಹೊಳೆಗಳಿಗೆ, ಚಿತೆಯ ಹೊಗೆಯಿಂದ ಗಾಳಿಗೆ ಪಾದರಸ ಸೇರುತ್ತದೆ. ನೀರು ಸೇರಿದ ಪಾದರಸವೇ ಸೂಕ್ಷ್ಮಜೀವಿಗಳ ಕೈಯಲ್ಲಿ ಮೀನಿನ ವಿಷವಾಗಿ ಮಾರ್ಪಡುತ್ತದೆ. ಮುಂದೆ ಹಾಕಿಸುವ ಹಲ್ಲುಗಳ ಬಗೆಗೆ ಆದ ನಿರ್ಣಯವದು. ಹಿಂದೆ ಹಾಕಿಸಿದ್ದನ್ನು ಕೀಳಿಸಿರೆಂಬ ಆಜ್ಞೆಯಲ್ಲ.

ಸರಸ್ವತೀಪುರದ ತಾಯಿ ಮಗಳು ಇಬ್ಬರೂ ಮರುವಾರ ದಂತವೈದ್ಯರಲ್ಲಿಗೆ ಹೋದರು. ವೈದ್ಯರು ತಾಯಿಯ ಐದು ಹಲ್ಲುಗಳನ್ನೂ ಕನ್ನಡಿಯಿಟ್ಟು, ಸಲಾಕೆಯಿಂದ ಅಂಚು ತಡವಿ, ಕ್ಷ-ಕಿರಣದ ಚಿತ್ರ ತೆಗೆದು ಪರೀಕ್ಷಿಸಿದರು.

“ಅಮ್ಮಾ, ನಾಲ್ಕು ಹಲ್ಲು ಗಟ್ಟಿಮುಟ್ಟಾಗಿವೆ. ಒಂದರ ಅಂಚು ಒರಟಾಗಿದೆ. ಉಜ್ಜಿ ನಯಮಾಡಿದರೆ ಸಾಕು. ಎಡಗಡೆ ಕೆಳಗಿನ ಹಲ್ಲಿನಲ್ಲಿ ಮಾತ್ರ ಬೆಳ್ಳಿ ಬಿರಿದಿದೆ. ಅದರ ಅಡಿಯಲ್ಲಿ ಹುಳುಕು ಹೊಕ್ಕಿದೆ. ಅದನ್ನು ತೆಗೆಯಲೇಬೇಕು.”

“ಐದನ್ನೂ ಒಟ್ಟಿಗೇ ತೆಗೆದುಬಿಡಿ, ಡಾಕ್ಟರೇ” ಎಂದರು ತಾಯಿ. ಸ್ವರ ಸ್ವಲ್ಪ ನಡುಗಿತು. “ಈಚೆಗೆ ನನಗೆ ಮರೆವು. ಇದರಿಂದಲೇ ಇರಬಹುದು ಅಂತ…”

ಮಗಳು ತಿರುಗಿ ನೋಡಿದಳು. ಈ ಮಾತನ್ನು ಅವಳು ಮೊದಲಬಾರಿಗೆ ಕೇಳುತ್ತಿದ್ದಳು.

ವೈದ್ಯರು ಕೈಯಲ್ಲಿದ್ದ ಸಲಾಕೆಯನ್ನು ಕೆಳಗಿಟ್ಟರು. “ಇದನ್ನು ತೆಗೆದರೆ ಮರೆವು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅಮ್ಮಾ. ಹಾಗೆ ಹೇಳಿ ಐದು ಹಲ್ಲಿನ ಹಣ ತೆಗೆದುಕೊಳ್ಳುವುದು ನನಗೇನೂ ಕಷ್ಟವಲ್ಲ. ಆದರೆ ಮರೆವಿನ ನಿಜವಾದ ಕಾರಣ ಇನ್ನೂ ಆರು ತಿಂಗಳು ಅಡಗಿ ಕೂರುತ್ತದೆ. ಅದಕ್ಕೆ ಬೇರೆ ವೈದ್ಯರನ್ನು ನೋಡಿ. ತಡಮಾಡಬೇಡಿ.”

ಮಗಳ ಬಾಯಲ್ಲಿಯೂ ಒಂದು ಬೆಳ್ಳಿಯಿತ್ತು. ಕಾಲೇಜಿನ ದಿನಗಳಲ್ಲಿ ಹಾಕಿಸಿದ್ದು. ಅದನ್ನು ಅಂದೇ ತೆಗೆಸಬೇಕೆಂದು ಅವಳು ಹಟತೊಟ್ಟು ಬಂದಿದ್ದಳು. ವೈದ್ಯರು ಒಪ್ಪಲಿಲ್ಲ. ಪಾದರಸದ ಆವಿ ತಾಯಿಯ ರಕ್ತದಿಂದ ಗರ್ಭದ ಶಿಶುವಿಗೂ ದಾಟಬಲ್ಲದು. ಆದ್ದರಿಂದಲೇ, ನೋಯದ, ಕೆಡದ ಬೆಳ್ಳಿಯನ್ನು ಬಸುರಿನಲ್ಲಿ ಕೆಣಕಬಾರದು. ಮಗು ಹುಟ್ಟಿ ಹಾಲು ಬಿಟ್ಟ ಮೇಲೆ ಬೇಕೆನಿಸಿದರೆ ಯೋಚಿಸಬಹುದು. ಅಂದರೆ ಮಗಳ ಹೆದರಿಕೆಗೆ ಕಾರಣವಾದ ಸಂಗತಿಯೇ ಅವಳನ್ನು ತಡೆದು ನಿಲ್ಲಿಸಿತು.

ತಾಯಿಯ ಒಂದು ಹಲ್ಲಿನ ಕೆಲಸ ಮುಂದಿನ ಸೋಮವಾರ ನಡೆಯಿತು. ಹಲ್ಲಿನ ಸುತ್ತ ರಬ್ಬರಿನ ತೆಳುಹಾಳೆಯನ್ನು ಬಿಗಿದು, ಚೂರುಗಳು ಗಂಟಲಿಗಿಳಿಯದಂತೆ ಮಾಡಿದರು. ಧಾರಾಳವಾಗಿ ನೀರು ಹಾಯಿಸುತ್ತ, ಜೋರಾಗಿ ಎಳೆಯುವ ನಳಿಗೆಯನ್ನು ಪಕ್ಕದಲ್ಲಿಯೇ ಹಿಡಿದು, ಬೆಳ್ಳಿಯನ್ನು ಪುಡಿಮಾಡದೆ ತುಂಡುತುಂಡಾಗಿ ಬಿಡಿಸಿದರು. ಕಿಟಕಿಗಳು ತೆರೆದಿದ್ದುವು. ಹಳೆಯ ಬೆಳ್ಳಿಯನ್ನು ತೆಗೆಸಲೇಬೇಕಾದವರು ಕೇಳಿ ತಿಳಿಯಬೇಕಾದ ಸಂಗತಿಗಳು ಇವೇ.

ತೆಗೆಸಲೇಬೇಕಾದ ಕಾಲ ಯಾವುದೆಂದರೆ, ಬೆಳ್ಳಿಯಾಗಲಿ ಅದನ್ನು ಹಿಡಿದ ಹಲ್ಲಾಗಲಿ ಬಿರಿದಾಗ; ಅಂಚಿನಲ್ಲಿ ಸಂದಿ ಬಿದ್ದು ಊಟದ ಅಗುಳು ಸಿಕ್ಕಿಕೊಳ್ಳುವಾಗ; ಅಡಿಯಲ್ಲಿ ಹೊಸ ಹುಳುಕು ಕಂಡಾಗ; ತಣ್ಣನೆಯದಕ್ಕೋ ಬಿಸಿಗೋ ನೋವು ನಿಂತೇ ಇರುವಾಗ; ಬೆಳ್ಳಿಗೆ ತಾಗಿದ ಕೆನ್ನೆಯ ಒಳಪೊರೆಯಲ್ಲಿ ಬಿಳಿಯ ಗೆರೆಯೋ ಹುಣ್ಣೋ ಎದ್ದು ಮಾಯದಿರುವಾಗ. ಇವೊಂದೂ ಇಲ್ಲದಿದ್ದರೆ ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುವುದೇ ಚಿಕಿತ್ಸೆ. ಬಣ್ಣದ ದೆಸೆಯಿಂದ ನಗಲು ನಾಚುವವರು ಬದಲಿಸಿಕೊಳ್ಳುವುದು ಅವರ ಇಷ್ಟ. ಆದರೆ ಬೆಲೆಯನ್ನು ಹಣದಿಂದಷ್ಟೇ ಅಲ್ಲ, ಒಳ್ಳೆಯ ಹಲ್ಲಿನ ಪಾಲಿನಿಂದಲೂ ತೆರುತ್ತಿದ್ದೇವೆಂಬುದನ್ನು ಅರಿತು ಮಾಡಬೇಕು.

ಮರೆವಿಗಾಗಿ ನೋಡಿದ ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಬಿ-12 ಎಂಬ ಜೀವಸತ್ವ ಬಹಳ ಕಡಮೆಯಿತ್ತು. ಕೇವಲ ಸಸ್ಯಾಹಾರಿಗಳಲ್ಲಿ, ಅದರಲ್ಲಿಯೂ ವಯಸ್ಸಾದವರಲ್ಲಿ, ಇದು ಅಪರೂಪವಲ್ಲ. ಮರೆವಿಗೆ ಇದೂ ಒಂದು ಕಾರಣ. ಚುಚ್ಚುಮದ್ದು ಆರಂಭವಾಗಿದೆ. ಎಷ್ಟು ನೆನಪು ಮರಳೀತೆಂದು ವೈದ್ಯರು ಮಾತುಕೊಟ್ಟಿಲ್ಲ; ಕೆಲವು ತಿಂಗಳು ಕಾದು ನೋಡಬೇಕೆಂದಿದ್ದಾರೆ.

ಮನೆಗೆ ಬಂದ ಸಂಜೆ ಮಗಳು ತಾಯಿಯ ಬಳಿ ಕುಳಿತು ಕೇಳಿದಳು: “ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?”

“ಬಸುರಿ ಹೆಂಗಸಿಗೆ ಹೇಳುವ ಮಾತೇನೇ ಅದು?” ಎಂದರು ತಾಯಿ. ಆಮೇಲೆ ಒಂದು ಗಳಿಗೆ ತಡೆದು, “ಇನ್ನು ಮೇಲೆ ಒಲೆಯ ಮೇಲೆ ಹಾಲಿಟ್ಟರೆ ನೀನೂ ಒಂದು ಕಣ್ಣಿಟ್ಟಿರು” ಎಂದು ನಕ್ಕರು. ಆ ನಗೆಯಲ್ಲಿ ನಾಲ್ಕು ಹಲ್ಲುಗಳ ಬೆಳ್ಳಿ ಹಳೆಯ ಹಾಗೆಯೇ ಮಿನುಗಿತು. ಈ ಸಲ ಮಗಳು ಏನೂ ಅನ್ನಲಿಲ್ಲ.